ಬಾಣಂತಿ ಕೋಣೆಯಲ್ಲಿ ಸೀಮೆಕೋಳಿ

ಮಂಡಿಪೇಟೆಯ ಹಿಂದಿನ ನಮ್ಮ ಓಣಿಯಲ್ಲಿ ಪಾಲಯ್ಯನಷ್ಟು ಕರಾರುವಾಕ್ಕಾದ ಮನುಷ್ಯ ಇನ್ನೊಬ್ಬನಿರಲಿಲ್ಲ. ಆದರೆ ಅದು ಹತ್ತಿ ಮಂಡಿಯ ತಕ್ಕಡಿಯ ಮುಂದೆ ನಿಂತಾಗ ಮಾತ್ರ. ಮಣ, ಸೇರು ಹೋಗಿ ಕಿಲೋ ಬಂದ ಗಲಿಬಿಲಿಯ ಕಾಲದಲ್ಲೂ ಅವನು ತೂಕದಲ್ಲಿ ಒಂದು ಗುಲಗಂಜಿ ಆಚೀಚೆ ಮಾಡಿದವನಲ್ಲ. ತಕ್ಕಡಿ ಬಿಟ್ಟು ಹತ್ತು ಹೆಜ್ಜೆ ಈಚೆಗೆ ಬಂದನೆಂದರೆ ಮಾತ್ರ ಎಲ್ಲಿ ಏನು ಹೇಳುತ್ತಾನೆ, ಯಾವುದಕ್ಕೆ ತಲೆದೂಗುತ್ತಾನೆ ಎಂಬುದು ಅವನಿಗೇ ತಿಳಿಯುತ್ತಿರಲಿಲ್ಲ. ನಾನು ಅವನ ಎದುರು ಮನೆಯ ಪ್ರೈಮರಿ ಶಾಲೆಯ ಮೇಷ್ಟ್ರು. ಈ ಪ್ರಕರಣದಲ್ಲಿ ನನ್ನ ಪಾಲಿನ ತಪ್ಪೂ ಸ್ವಲ್ಪ ಇದೆ. ಅದನ್ನು ಅದರ ಜಾಗದಲ್ಲಿ ಒಪ್ಪಿಕೊಳ್ಳುತ್ತೇನೆ.

ಅರವತ್ತೆರಡನೆಯ ಇಸವಿಯ ಬೇಸಿಗೆ. ಪಾಲಯ್ಯನ ಒಬ್ಬಳೇ ಮಗಳು ಉಡಚಮ್ಮನನ್ನು ಲೋಕಿಕೆರೆಗೆ ಕೊಟ್ಟಿತ್ತು. ಅವಳು ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ಕುಬಸದ ಶಾಸ್ತ್ರ ಮುಗಿಸಿ, ಹೆರಿಗೆಗೆ ತವರಿಗೆ ಕರೆತರುವುದೆಂದು ಬೀಗರೊಂದಿಗೆ ಮಾತಾಗಿತ್ತು. ಪಾಲಯ್ಯನ ಹೆಂಡತಿ ಕೊಟ್ರವ್ವ ಆ ದಿನಕ್ಕಾಗಿಯೇ ಉಸಿರಾಡುತ್ತಿದ್ದಳು ಎಂದರೆ ಹೆಚ್ಚಾಗಲಿಲ್ಲ. ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಬಳಿದಳು, ಹೊರಸಿಗೆ ಹೊಸ ಹಗ್ಗ ಹಾಕಿಸಿದಳು, ಕೊಬ್ಬರಿ, ಅಂಟು, ಬೆಲ್ಲ ಎಲ್ಲವನ್ನೂ ಡಬ್ಬಿಗಳಲ್ಲಿ ತುಂಬಿಟ್ಟಳು. ಹಿತ್ತಲಲ್ಲಿ ಅವಳೇ ಸಾಕಿದ ಹತ್ತು ನಾಟಿ ಕೋಳಿಗಳಿದ್ದವು; ಬಾಣಂತಿಗೆ ಮೊಟ್ಟೆಯ ಚಿಂತೆಯೂ ಇರಲಿಲ್ಲ.

ಇಷ್ಟು ಸರಿಯಾಗಿ ನಡೆಯುತ್ತಿದ್ದ ಸಂಸಾರದಲ್ಲಿ ಪಾಲಯ್ಯ ಕೈಹಾಕಿದ. ಸರ್ಕಾರದವರು ಬಿಳಿ ಸೀಮೆಕೋಳಿ ಕೊಡುತ್ತಾರೆ, ಅವು ವರ್ಷಕ್ಕೆ ಇನ್ನೂರು ಮೊಟ್ಟೆ ಇಡುತ್ತವೆ ಎಂದು ಮಂಡಿಯಲ್ಲಿ ಯಾರೋ ಹೇಳಿದರು. ಅವನು ಹೆಂಡತಿಯನ್ನು ಒಂದು ಮಾತೂ ಕೇಳದೆ ಅವಳ ನಾಟಿ ಕೋಳಿಗಳನ್ನು ಬುಟ್ಟಿಯಲ್ಲಿ ಕಟ್ಟಿ ಸಾರಥಿ ಎಂಬ ಹಳ್ಳಿಯಲ್ಲಿದ್ದ ತನ್ನ ತಮ್ಮನ ಮನೆಗೆ ಸಾಗಿಸಿ, ಹನ್ನೆರಡು ಬಿಳಿ ಕೋಳಿಗಳನ್ನು ತಂದು ಹಿತ್ತಲಿಗೆ ಬಿಟ್ಟ. ಆಮೇಲೆ ಲೋಕಿಕೆರೆಗೆ ಹೋಗಿ ಬೀಗತಿ ಉಚ್ಚೆಂಗೆಮ್ಮನ ಮುಂದೆ, ನಿಮ್ಮ ಸೊಸೆಗೆ ನಮ್ಮ ಮನೆಯಲ್ಲಿ ಬೆಳಗ್ಗೆ ಒಂದು ಸಂಜೆ ಒಂದು ಮೊಟ್ಟೆ, ಉಳಿದದ್ದನ್ನು ಓಣಿಗೆ ಹಂಚುತ್ತೇನೆ ಎಂದು ಹೇಳಿಬಂದ. ಆ ಹಂಚಿಕೆಯಲ್ಲಿ ವಾರಕ್ಕೆರಡು ನನಗೂ ಬರುತ್ತಿದ್ದವು. ನನ್ನ ತಪ್ಪು ಎಂದೆನಲ್ಲ, ಅದು ಶುರುವಾದದ್ದು ಇಲ್ಲಿಂದ.

ಯುಗಾದಿ ಕಳೆದದ್ದೇ ಬಿಸಿಲು ಏರಿತು. ಕೋಳಿಗಳು ಕೊಕ್ಕು ತೆರೆದು, ರೆಕ್ಕೆ ಇಳಿಬಿಟ್ಟು ತೇಕತೊಡಗಿದವು. ಮೊದಲು ಮೊಟ್ಟೆಯ ಚಿಪ್ಪು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಯಿತು. ಆಮೇಲೆ ಚಿಪ್ಪೇ ಇಲ್ಲದೆ ಬರೀ ಪೊರೆಯ ಮೊಟ್ಟೆ ಬಂತು. ನನ್ನ ಪಾಲಿನದು ಅಂಗೈಯಲ್ಲೇ ಒಡೆದು ಅಂಗಿಯ ತೋಳಿನೊಳಗೆ ಇಳಿಯಿತು. ಕೊನೆಗೆ ಕೋಳಿಗಳೇ ಏಳದಾದವು. ಕಾಲು ಮುದುರಿ ಒಂದು ಮಗ್ಗುಲಿಗೆ ಒರಗಿ ಕೂತವು ಕೂತೇ ಇದ್ದವು. ಸಾರಥಿಯಲ್ಲಿ ತನ್ನ ನಾಟಿ ಕೋಳಿಗಳು ತಿಪ್ಪೆ ಕೆದರಿಕೊಂಡು ಸುಖವಾಗಿವೆ ಎಂಬ ಸುದ್ದಿಯನ್ನು ಕೊಟ್ರವ್ವ ಗಂಡನಿಗೆ ದಿನಕ್ಕೆ ಮೂರು ಸಲ, ಊಟಕ್ಕೆ ಬಡಿಸುವಾಗ ತಪ್ಪದೆ ತಿಳಿಸುತ್ತಿದ್ದಳು.

ಪಾಲಯ್ಯ ಒಂದು ಕೋಳಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ದನದ ಆಸ್ಪತ್ರೆಗೆ ಹೋದ. ಅಲ್ಲಿಯ ಕಂಪೌಂಡರ್ ಕಲ್ಲೇಶಪ್ಪ ಬಲ್ಲವನು. ಕೋಳಿಯ ಕಾಲನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿ ನೋಡಿ ಹೇಳಿದ:

"ರೋಗ ಏನಿಲ್ಲ ಪಾಲಯ್ಯ. ಝಳಕ್ಕೆ ತೇಕ್ತೈತೆ, ತೇಕಿ ಮೇವು ಬಿಟ್ಟೈತೆ. ಆದ್ರೂ ಮೊಟ್ಟೆ ಕಟ್ಟೋದು ನಿಲ್ಲಲ್ಲ ನೋಡು. ತಿನ್ನೋದ್ರಾಗೆ ಸುಣ್ಣ ಸಿಗದಿದ್ರೆ ತನ್ನ ಕಾಲಿನ ಮೂಳೆಯಿಂದ ತಗದು ಚಿಪ್ಪಿಗೆ ಕೊಡ್ತೈತೆ. ಮೂಳೆ ಟೊಳ್ಳಾದ ಮ್ಯಾಲೆ ಹೆಂಗೆ ನಿಂತೀತು?"

ಮದ್ದೂ ಹೇಳಿದ. ನೆರಳಲ್ಲಿಡಬೇಕು, ಸುತ್ತ ಒದ್ದೆ ಗೋಣಿಚೀಲ ಕಟ್ಟಬೇಕು, ಬಿಸಿಲೇರುವ ಮುಂಚೆ ಮತ್ತು ಇಳಿದ ಮೇಲೆ ಮೇವು ಕೊಡಬೇಕು. ನದಿಯ ಕಪ್ಪೆಚಿಪ್ಪು ಕುಟ್ಟಿ ಹಾಕಬೇಕು. ಜೊತೆಗೆ ಮೀನೆಣ್ಣೆ ಮತ್ತು ಸುಣ್ಣದ ಪುಡಿ. ಅವೆರಡೂ ತನ್ನಲ್ಲಿ ಮುಗಿದಿವೆ, ಬರುವುದು ಮುಂದಿನ ತಿಂಗಳು ಎಂದ. ಮಾತಿಗೆ ಮಾತೆಂದು, ತಾಯಿ-ಮಕ್ಕಳ ಕೇಂದ್ರದಲ್ಲಿ ಬಸುರಿಯರಿಗೆ ಕೊಡುವುದೂ ಇದೇ ಮೀನೆಣ್ಣೆ, ಇದೇ ಸುಣ್ಣದ ಮಾತ್ರೆ ಎಂದೂ ಸೇರಿಸಿದ. ಕಲ್ಲೇಶಪ್ಪ ಆ ಒಂದು ಮಾತನ್ನು ನುಂಗಿಕೊಂಡಿದ್ದರೆ ನಾನು ಈ ಕಥೆ ಬರೆಯುವ ಅಗತ್ಯವಿರಲಿಲ್ಲ.

ಮಾರನೆಯ ಬೆಳಗ್ಗೆ ಪಾಲಯ್ಯ ತಾಯಿ-ಮಕ್ಕಳ ಕೇಂದ್ರದ ಸಾಲಿನಲ್ಲಿ ನಿಂತ. ಮುಂದೆ ಮೂವತ್ತು ಹೆಂಗಸರು, ಹಿಂದೆ ಹತ್ತು. ಅಲ್ಲಿಯ ನರ್ಸಮ್ಮ ಮೆಹರ್ ಬಾನು ದೊಡ್ಡ ರಿಜಿಸ್ಟರಿನಿಂದ ತಲೆ ಎತ್ತಿ, ಸಾಲಿನ ನಡುವೆ ಒಬ್ಬನೇ ಗಂಡಸನ್ನು ಕಂಡು, ಮೀನೆಣ್ಣೆ ಸೀಸೆ ಯಾರಿಗೆ ಎಂದು ಕೇಳಿದರು. ಕೋಳಿಗೆ ಎಂದು ಹೇಳಲೆಂದೇ ಹೋಗಿದ್ದೆ ಎಂದು ಅವನು ಇವತ್ತಿಗೂ ಆಣೆ ಮಾಡುತ್ತಾನೆ. ಆದರೆ ನಲವತ್ತು ಹೆಂಗಸರು ಒಟ್ಟಿಗೆ ತಿರುಗಿ ನೋಡಿದಾಗ ಬಾಯಿಂದ ಬಂದದ್ದು ಹೆಂಡತಿಯ ಹೆಸರು. ಎಷ್ಟು ತಿಂಗಳು ಎಂದಾಗ ಮೂರು ಎಂದ. ವಯಸ್ಸು ಕೇಳಿದಾಗ, ತೂಕದವನ ಪ್ರಾಮಾಣಿಕತೆ ಅಲ್ಲೇ ಏಕೆ ಜಾಗೃತವಾಯಿತೋ, ನಲವತ್ತೆರಡು ಎಂದು ನಿಜವನ್ನೇ ಹೇಳಿದ. ಸಾಲಿನಲ್ಲಿ ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ನಮ್ಮ ಓಣಿಯ ಯಲ್ಲಕ್ಕ, ಪಾಲಯ್ಯನ ಗೋಡೆಗೆ ಗೋಡೆ ಹಚ್ಚಿದ ಮನೆಯವಳು, ತನ್ನ ಸೊಸೆಯನ್ನು ಕರೆತಂದಿದ್ದಳು. ಪಾಲಯ್ಯನಿಗೆ ಅವಳು ಕಾಣಲಿಲ್ಲ. ಅವನಿಗೆ ಕಂಡದ್ದು ಸೀಸೆ ಮಾತ್ರ.

ಹಿತ್ತಲಲ್ಲಿ ನೆರಳೆಲ್ಲಿದೆ? ಮನೆಯಲ್ಲಿ ತಂಪಾದ ಜಾಗ ಒಂದೇ, ಸುಣ್ಣ ಬಳಿದ ಆ ಬಾಣಂತಿ ಕೋಣೆ. ಕೊಟ್ರವ್ವ ಕೆರೆಗೆ ಬಟ್ಟೆ ಒಗೆಯಲು ಹೋದ ಹೊತ್ತಿನಲ್ಲಿ ಪಾಲಯ್ಯ ಹನ್ನೆರಡು ಕೋಳಿಗಳನ್ನೂ ಅಲ್ಲಿಗೆ ಸಾಗಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ತೀರ ಬಲಹೀನವಾದ ನಾಲ್ಕನ್ನು ಹೊಸ ಹಗ್ಗದ ಹೊರಸಿನ ಮೇಲೆ ಮಲಗಿಸಿದ. ಮಗಳು ಬರುವುದರೊಳಗೆ ಖಾಲಿ ಮಾಡುತ್ತೇನೆ ಎಂಬ ಮಾತಿನ ಮೇಲೆ ಕೊಟ್ರವ್ವ ಹಲ್ಲು ಕಚ್ಚಿ ಸುಮ್ಮನಾದಳು. ಔಷಧ ಎಲ್ಲಿಯದೆಂದು ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ.

ಸೀಸೆಯ ಮೇಲಿನ ಚೀಟಿ ಓದಿಸಿಕೊಳ್ಳಲು ನನ್ನ ಹತ್ತಿರ ಬಂದಾಗ ನನಗೆ ವಿಷಯ ತಿಳಿಯಿತು. ಇದು ಸರಿಯಲ್ಲ ಎಂದು ಹೇಳಲು ಬಾಯಿ ತೆರೆದೆ. ಪಾಲಯ್ಯ ಜೇಬಿನಿಂದ ಒಂದು ಮೊಟ್ಟೆ ತೆಗೆದು ಮೇಜಿನ ಮೇಲಿಟ್ಟ. ನಾನು ಬಾಯಿ ಮುಚ್ಚಿದೆ. ಸೀಸೆ ಸಾಲದಾಗಿ ಅವನು ಇನ್ನೂ ಎರಡು ಸಲ ಕೇಂದ್ರಕ್ಕೆ ಹೋದಾಗಲೂ ಮುಚ್ಚಿಯೇ ಇದ್ದೆ. ನನ್ನ ತಪ್ಪು ಇಷ್ಟೇ. ಚಿಪ್ಪು ತೆಳ್ಳಗಿದ್ದ ಮೊಟ್ಟೆಗಳಿಗೆ ಇದಕ್ಕಿಂತ ದೊಡ್ಡ ತಪ್ಪು ಮಾಡಿಸುವ ಶಕ್ತಿಯೂ ಇರಲಿಲ್ಲ.

ಬೆಳಗಿನ ಜಾವ ಮಂಡಿಗೆ ಹೊರಡುವ ಮುಂಚೆ ಅವನು ಜೋಳದ ನುಚ್ಚಿಗೆ ಮೀನೆಣ್ಣೆ ಕಲಸಿ, ಒಂದೊಂದು ಕೋಳಿಯ ಮುಂದೂ ಕುಕ್ಕರಗಾಲಲ್ಲಿ ಕೂತು ಉಪಚರಿಸುತ್ತಿದ್ದ. ಗೋಡೆಯ ಆಚೆಗಿದ್ದ ಯಲ್ಲಕ್ಕನಿಗೆ ಕೇಳಿಸುತ್ತಿದ್ದದ್ದು ಇಷ್ಟು: "ಏಳವ್ವ. ಕಾಲೂರಿ ನಿಂತ್ಕ. ಎಲ್ಡು ಹನಿ ಕುಡಿ ನನ್ನವ್ವ." ಜೊತೆಗೆ ಮೀನೆಣ್ಣೆಯ ವಾಸನೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಪಾಲಯ್ಯ ಹೆಂಡತಿಯ ಜೊತೆ ಇಷ್ಟು ಮೆತ್ತಗೆ ಮಾತಾಡಿದ್ದನ್ನು ಯಲ್ಲಕ್ಕ ಕೇಳಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತಂತೆ. ಆ ನೀರು ಒಣಗುವುದರೊಳಗೆ ಓಣಿಯ ಆ ತುದಿಯವರೆಗೂ ಸುದ್ದಿ ಹೋಗಿತ್ತು.

ನಮ್ಮ ಓಣಿಯವರು ಒಳ್ಳೆಯವರು, ಅದೇ ತೊಂದರೆ. ಬೀದಿ ನಲ್ಲಿಯಲ್ಲಿ ಕೊಟ್ರವ್ವ ಕೊಡ ತುಂಬಿ ಎತ್ತಲು ಬಗ್ಗಿದರೆ ನಾಲ್ಕು ಕೈಗಳು ಅದನ್ನು ಕಸಿದುಕೊಂಡವು. ಬೆಳಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಎಳೆ ಮಾವಿನಕಾಯಿ, ಇನ್ನೊಂದು ದಿನ ಹುಣಸೆ ತೊಕ್ಕು. ಮೂಲೆ ಮನೆಯ ಜೈನಾಬಿ ಒಂದು ತಟ್ಟೆ ಸೇಮಿಗೆ ಪಾಯಸ ತಂದುಕೊಟ್ಟು, ಏನೂ ಹೇಳದೆ ಕೊಟ್ರವ್ವನ ಕೆನ್ನೆ ಸವರಿ ಹೋದಳು. ತಾನು ಮಗಳ ಬಾಣಂತನ ಮಾಡಲಿರುವುದಕ್ಕೆ ಓಣಿಯ ಸಡಗರ ಇದು ಎಂದುಕೊಂಡು ಕೊಟ್ರವ್ವ ಎಲ್ಲವನ್ನೂ ಒಳಗಿಟ್ಟಳು. ಮಂಡಿಯ ಹಮಾಲರು ಮಾತ್ರ ಪಾಲಯ್ಯನನ್ನು ಕಂಡಾಗಲೆಲ್ಲ ಮೀಸೆ ತಿರುವಿಕೊಂಡು ನಗುತ್ತಿದ್ದರು. ಕೋಳಿ ಸುಧಾರಿಸಿದ ಸುದ್ದಿ ಇವರಿಗೂ ಮುಟ್ಟಿತೆಂದು ಅವನು ಎದೆಯುಬ್ಬಿಸಿ, ಇನ್ನೊಂದು ತಿಂಗಳಿಗೆ ಫಲ ಕೈಗೆ ಬರುತ್ತದೆ ಎಂದುಬಿಟ್ಟ. ಹಮಾಲರು ಬೆರಳು ಮಡಿಸಿ ಲೆಕ್ಕ ಹಾಕಿ ಗಾಬರಿಯಾದರು.

ಇನ್ನು ಉಳಿದದ್ದು ಕಪ್ಪೆಚಿಪ್ಪು. ಪಾಲಯ್ಯ ಭಾನುವಾರದ ರೈಲಿಗೆ ಹರಿಹರಕ್ಕೆ ಹೋಗಿ, ತುಂಗಭದ್ರೆಯ ಮರಳಿನಲ್ಲಿ ಪಂಚೆ ಮೇಲೆ ಕಟ್ಟಿಕೊಂಡು ಚಿಪ್ಪು ಆರಿಸುತ್ತಿದ್ದ. ಆಗ ಸ್ನಾನಕ್ಕೆ ಬಂದ ಓಬಯ್ಯ ಗುರುತು ಹಿಡಿದು ಮಾತಾಡಿಸಿದ. ಈ ಓಬಯ್ಯ ಬೀಗತಿ ಉಚ್ಚೆಂಗೆಮ್ಮನ ಖಾಸಾ ಅಣ್ಣ. ಬೀಗರ ಕಡೆಯವನ ಮುಂದೆ ತನ್ನ ಸೀಮೆಕೋಳಿಗಳಿಗೆ ಕಾಲು ಬಿದ್ದುಹೋಗಿದೆ ಎಂದು ಹೇಳುವುದು ಹೇಗೆ? ಮನೆಯಲ್ಲಿ ಬೇಕು ಎಂದರು, ಕುಟ್ಟಿ ಪುಡಿ ಮಾಡಿ ತಿನ್ನುವುದಕ್ಕೆ ಎಂದ ಪಾಲಯ್ಯ. ಮಣ್ಣು, ಬೂದಿ, ಬಳಪ ತಿನ್ನುವ ಬಯಕೆ ಯಾರಿಗೆ ಹುಟ್ಟುತ್ತದೆ, ಯಾವಾಗ ಹುಟ್ಟುತ್ತದೆ ಎಂಬುದು ಆರು ಮಕ್ಕಳ ತಂದೆಯಾದ ಓಬಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಅವನು ತಾನೂ ನೀರಿಗಿಳಿದು ಎರಡು ಬೊಗಸೆ ಚಿಪ್ಪು ಆರಿಸಿಕೊಟ್ಟ. ಮಂಗಳವಾರ ಲೋಕಿಕೆರೆಗೆ ಹೋಗಿ ತಂಗಿಗೆ ಸುದ್ದಿ ಮುಟ್ಟಿಸಿದ.

ಗುರುವಾರ ಲೋಕಿಕೆರೆಯಿಂದ ಕಾಗದ ಬಂತು. ಓದುಬರಹ ಬಾರದ ಕೊಟ್ರವ್ವ ಅದನ್ನು ಹಿಡಿದು ನನ್ನ ಬಳಿಗೇ ಬಂದಳು. ನಾನು ಮೊದಲು ಮನಸ್ಸಿನಲ್ಲಿ ಓದಿಕೊಂಡೆ, ಆಮೇಲೆ ನೀರು ಕುಡಿದು ಗಟ್ಟಿಯಾಗಿ ಓದಿದೆ: ಬೀಗತಿಯವರು ಈ ವಯಸ್ಸಿನಲ್ಲಿ ಬಸುರಿಯಾಗಿರುವುದು ದೇವರಿಚ್ಛೆ, ಅದಕ್ಕೆ ನಾವೇನೂ ಅನ್ನುವುದಿಲ್ಲ. ಆದರೆ ಒಂದೇ ಸೂರಿನಡಿ ಇಬ್ಬರು ಬಸುರಿಯರು ಇರುವುದು ನಮ್ಮ ಮನೆತನಕ್ಕೆ ಆಗಿಬಂದಿಲ್ಲ, ತಾನೇ ಬಾಣಂತಿಯಾಗುವವಳು ಇನ್ನೊಬ್ಬರ ಬಾಣಂತನ ಮಾಡುವುದೂ ಆಗದ ಮಾತು. ಆದ ಕಾರಣ ಸೊಸೆಯನ್ನು ಹೆರಿಗೆಗೆ ಹರಿಹರದಲ್ಲಿ ಓಬಯ್ಯನ ಮನೆಯಲ್ಲಿ ಬಿಡುತ್ತೇವೆ. ಕುಬಸ ಹೇಗೂ ಮುಗಿದಿದೆ, ಭಾನುವಾರ ಕರೆದೊಯ್ಯುತ್ತೇವೆ.

ಸೀಸೆ ಯಾರ ಹೆಸರಲ್ಲಿ ಬಂದದ್ದೆಂದು ನಾನು ಕೊಟ್ರವ್ವನಿಗೆ ಹೇಳಿಬಿಟ್ಟೆ. ಮಾವಿನಕಾಯಿ, ಕೊಡ, ಪಾಯಸ ಎಲ್ಲವೂ ಅವಳಿಗೆ ಒಂದೊಂದಾಗಿ ತಿಳಿಯುತ್ತಿರುವುದು ಮುಖದಲ್ಲೇ ಕಾಣಿಸಿತು. ಅವತ್ತು ಸಂಜೆ ಪಾಲಯ್ಯ ಮನೆಗೆ ಬಂದಾಗ ಕೂಗಾಟ ಕೇಳೀತೆಂದು ಇಡೀ ಓಣಿ ಕಿವಿ ಕೊಟ್ಟು ನಿಂತಿತ್ತು. ಅವಳು ಜಗಳವಾಡಲಿಲ್ಲ.

"ನನ್ನ ಕೂಸಿನ ಬಾಣಂತನ ನಾನು ಮಾಡ್ಬೇಕು," ಎಂದಳು. "ಅದೊಂದೇ ಕೇಳಿದ್ದು ನಾನು ನಿಮ್ಮನ್ನ, ಇಷ್ಟು ವರ್ಷದಾಗೆ. ಅವಳು ಹರಿಹರಕ್ಕೆ ಹೋದ್ರೆ ನಾನು ಸಾರಥಿಗೆ ಹೋಗ್ತೀನಿ, ನನ್ನ ಕೋಳಿ ಅಲ್ಲದಾವೆ. ನೀವು ನಿಮ್ಮ ಕೋಳಿ ಆ ಕೋಣ್ಯಾಗೇ ಇರ್ರಿ."

ಪಾಲಯ್ಯ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ ಎಂದು ನಾನು ಬರೆಯಬಹುದು, ಆದರೆ ಅವನ ಗೊರಕೆ ನಮ್ಮ ಮನೆಗೆ ಕೇಳಿಸಿತು. ಬೆಳಗಾದ ಮೇಲೆ ಮಾತ್ರ ಅವನಿಗೆ ನಿಜವಾಗಿ ದಿಗಿಲಾಯಿತು. ಲೋಕಿಕೆರೆಗೆ ಹೋಗಿ ಸುಳ್ಳೆಂದು ಹೇಳಿದರೆ ನಂಬುವವರಾರು? ರಿಜಿಸ್ಟರಿನಲ್ಲಿ ಹೆಸರಿದೆ, ಓಣಿಯೆಲ್ಲ ಸಾಕ್ಷಿ ಇದೆ. ಮೂರು ದಿನ ಏನು ಮಾಡಬೇಕೆಂದು ಯೋಚಿಸಿ, ಕಡೆಗೆ ಅವನು ಏನೂ ಮಾಡಲಿಲ್ಲ.

ಭಾನುವಾರ ಮಧ್ಯಾಹ್ನ ಜಟಕಾ ಬಂದು ಬಾಗಿಲಲ್ಲಿ ನಿಂತಿತು. ಹರಿಹರದ ಸಂಜೆ ರೈಲಿಗೆ ಇನ್ನೂ ಎರಡು ಗಂಟೆಯಿತ್ತು. ತಾಯಿಯ ಮುಖ ನೋಡಿಸದೆ ಕರೆದೊಯ್ದರೆಂಬ ಮಾತು ಬರಬಾರದೆಂದು ಉಚ್ಚೆಂಗೆಮ್ಮ ಸೊಸೆಯೊಂದಿಗೆ ಇಳಿದಳು. ಉಡಚಮ್ಮ ಜಟಕಾದ ಕಂಬಿ ಹಿಡಿದು, ಗೋಡೆ ಹಿಡಿದು, ಬಾಗಿಲ ಚೌಕಟ್ಟು ಹಿಡಿದು ಒಳಗೆ ಬಂದಳು. ನಡುಮನೆಯ ಕಂಬಕ್ಕೆ ಒಂದು ಮಗ್ಗುಲಾಗಿ ಒರಗಿ ಕೂತಳು. ಓಣಿಯ ಜನ ಸೌಜನ್ಯಕ್ಕಾಗಿ ಹೊರಗೇ ಉಳಿದು, ಕಿಟಕಿಯಲ್ಲಿ ತಲೆ ಮಾತ್ರ ಒಳಗೆ ಹಾಕಿದರು.

ಇದು ಸಾಲದೆಂಬಂತೆ ಅದೇ ಹೊತ್ತಿಗೆ ನರ್ಸಮ್ಮ ಮೆಹರ್ ಬಾನು ಕೊಡೆ ಮಡಚುತ್ತ ಒಳಗೆ ಬಂದರು. ಮೂರು ಸೀಸೆ ಒಯ್ದ ಬಸುರಿ ಒಂದು ಸಲವೂ ಪರೀಕ್ಷೆಗೆ ಬಂದಿಲ್ಲ. ನಲವತ್ತೆರಡು ವಯಸ್ಸು, ಏನಾದರೂ ಆದರೆ ಜವಾಬ್ದಾರಿ ತಮ್ಮದೆಂದು ಅವರು ರಜೆಯ ದಿನವೂ ಮನೆ ಹುಡುಕಿಕೊಂಡು ಬಂದಿದ್ದರು. ಬಸುರಿ ಎಲ್ಲಿ ಎಂದು ಕೇಳಿದಾಗ ಪಾಲಯ್ಯ ಕೋಣೆಯ ಬಾಗಿಲಿಗೆ ಅಡ್ಡ ನಿಂತ. ಕೊಟ್ರವ್ವ ಎದ್ದು ಬಂದು, ಗಂಡನನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿ, ಬಾಗಿಲು ತಳ್ಳಿದಳು.

"ನೋಡ್ರಿ ನರ್ಸಮ್ಮ. ಒಂದಲ್ಲ, ಹನ್ನೆರಡು ಅದಾವೆ."

ಹೊಸ ಹೊರಸಿನ ಮೇಲೆ ನಾಲ್ಕು, ಕೆಳಗೆ ಎಂಟು. ಕಿಟಕಿಯಲ್ಲಿ ಇಳಿಬಿದ್ದ ಒದ್ದೆ ಗೋಣಿ, ಗೋಡೆಯ ಗೂಡಿನಲ್ಲಿ ಸರ್ಕಾರಿ ಸೀಸೆಗಳು. ಒಂದು ಬಿಳಿ ಕೋಳಿ ಹೊರಸಿನಿಂದ ಹಾರಿ, ಎರಡು ಕಾಲನ್ನೂ ಗಟ್ಟಿಯಾಗಿ ಊರಿ, ನಡುಮನೆಗೆ ನಡೆದು ಬಂದು ಉಚ್ಚೆಂಗೆಮ್ಮನ ಮುಂದೆ ನಿಂತು ಅವಳನ್ನು ನೋಡಿತು. ಅಷ್ಟು ದಿನದ ಶುಶ್ರೂಷೆಗೆ ಸಿಕ್ಕ ಮೊದಲ ಜಯ ಅದು. ಆದರೆ ಅದನ್ನು ಆನಂದಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ನರ್ಸಮ್ಮ ಕೆಂಡವಾದರು. ಬಡ ಬಸುರಿಯರ ಔಷಧವನ್ನು ಕೋಳಿಗೆ ಕುಡಿಸಿದ್ದಕ್ಕೆ ಮೇಲಿನವರಿಗೆ ಬರೆಯುತ್ತೇನೆ ಎಂದರು. ಪಾಲಯ್ಯ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡ. ಬೀಗತಿ ಬಸುರಿಯಲ್ಲ ಎಂದು ತಿಳಿದ ಮೇಲಾದರೂ ಉಚ್ಚೆಂಗೆಮ್ಮ ಮೆತ್ತಗಾಗುತ್ತಾಳೆ ಎಂದುಕೊಂಡೆವು. ಅವಳು ಇನ್ನೂ ಬಿಗಿದಳು. ಬಾಣಂತಿ ಕೋಣೆಯಲ್ಲಿ ಕೋಳಿ ಮಲಗಿಸುವ, ಹೆಂಡತಿಯ ಹೆಸರಲ್ಲಿ ಸುಳ್ಳು ಬಸುರು ಬರೆಸುವ ಮನುಷ್ಯನ ಮನೆಯಲ್ಲಿ ತನ್ನ ಸೊಸೆಯನ್ನು ಬಿಡುವುದಿಲ್ಲ ಎಂದು ಎದ್ದು ನಿಂತಳು. ಅದರಲ್ಲಿ ತಪ್ಪು ಹುಡುಕುವುದು ನನ್ನಿಂದಲೂ ಆಗಲಿಲ್ಲ. ಹೋಗುವ ಮುಂಚೆ ಸೊಸೆಯ ಮೇಲಿನ ದೂರನ್ನೂ ಇಳಿಸಿದಳು.

"ನಿಮ್ಮ ಮಗಳೂ ಅಷ್ಟೆ. ಕೂತಲ್ಲೇ ಕೂತಿರ್ತಾಳೆ. ಉಣ್ಣು ಅಂದ್ರೆ ಸೆಕೆ ಅಂತಾಳೆ, ಏಳು ಅಂದ್ರೆ ಕಾಲು ಸೆಳೀತಾವೆ ಅಂತಾಳೆ. ಇಂಥಾ ಸೋಮಾರಿನ ನಾನು ಕಂಡಿಲ್ಲ. ಏಳವ್ವ, ಗಾಡಿ ಹತ್ತು."

ಉಡಚಮ್ಮ ನೆಲಕ್ಕೆ ಎರಡು ಕೈ ಊರಿ ಏಳಲು ನೋಡಿದಳು, ಏಳಲಾಗಲಿಲ್ಲ. ಪಾಲಯ್ಯ ತಲೆ ಎತ್ತಿದ. ಮಗಳು ಕೂತ ಬಗೆಯನ್ನು ಅವನು ಕೋಳಿಗಳ ಮುಂದೆ ತಿಂಗಳಿಡೀ ಕುಕ್ಕರಗಾಲಲ್ಲಿ ಕೂತು ನೋಡಿದ್ದ. ಅವನು ಬೀಗತಿಯ ಮುಂದೆ ಗಟ್ಟಿ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

"ಸೋಮಾರಿ ಅಲ್ಲಮ್ಮ ಅವಳು. ಝಳಕ್ಕೆ ಮೇವು ಬಿಟ್ಟಾಳೆ. ಒಳಗಿನದು ಬೆಳೆಯೋದು ನಿಲ್ಲಲ್ಲ, ಅದಕ್ಕೆ ಸುಣ್ಣ ಬೇಕು. ಉಣ್ಣೋದ್ರಾಗೆ ಸಿಗದಿದ್ರೆ ತನ್ನ ಕಾಲಿನ ಮೂಳೆಯಿಂದ ತಗದು ಕೊಡ್ತಾಳೆ. ಕೊಟ್ಟು ಕೊಟ್ಟು ನಿಲ್ಲಾಕಾಗ್ತಿಲ್ಲ. ಅವಳನ್ನ ಬೈಬ್ಯಾಡ್ರಿ."

ಮೇವು ಎಂದದ್ದಕ್ಕೆ ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ನರ್ಸಮ್ಮ ನಗಲಿಲ್ಲ. ಉಡಚಮ್ಮನ ಪಕ್ಕದಲ್ಲಿ ಕೂತು ಮೊಣಕಾಲ ಕೆಳಗೆ ಬೆರಳಿಂದ ಒತ್ತಿದರು. ಹುಡುಗಿ ತುಟಿ ಕಚ್ಚಿಕೊಂಡಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಏನು ತಿನ್ನುತ್ತೀಯ, ಎಷ್ಟು ತಿನ್ನುತ್ತೀಯ ಎಂದು ಕೇಳಿದರು. ಎಷ್ಟು ದಿನದಿಂದ ಹೀಗಿದೆ ಎಂದಾಗ ಎರಡು ತಿಂಗಳು ಎಂದಳು ಉಡಚಮ್ಮ, ಅತ್ತೆಯ ಮುಖ ನೋಡದೆ. ನರ್ಸಮ್ಮ ಎದ್ದು, ಈ ಮನುಷ್ಯ ಹೇಳಿದ ರೀತಿ ಸರಿಯಿಲ್ಲ, ಹೇಳಿದ್ದು ಸರಿ ಎಂದರು. ಈ ಹುಡುಗಿ ರೈಲು ಹತ್ತಕೂಡದು, ಜಟಕಾದ ಕುಲುಕಾಟವೂ ಬೇಡ, ಹೆರಿಗೆಯಾಗುವವರೆಗೆ ವಾರಕ್ಕೊಮ್ಮೆ ನಾನೇ ಬಂದು ನೋಡಬೇಕು ಎಂದರು.

ಉಚ್ಚೆಂಗೆಮ್ಮ ನಿಂತೇ ಇದ್ದಳು. ಕೆಟ್ಟ ಹೆಂಗಸಲ್ಲ ಅವಳು. ತನ್ನ ಕಾಲದಲ್ಲಿ ಇದೇ ಕಾಲುನೋವನ್ನು ಯಾರಿಗೂ ಹೇಳದೆ ನೀರು ಹೊತ್ತವಳು, ಎಲ್ಲರೂ ಹಾಗೇ ಹೊರಬೇಕೆಂದು ತಿಳಿದಿದ್ದಳು. ನನಗೂ ಹಿಂಗೇ ಸೆಳೀತಿದ್ವು ಎಂದು ಯಾರಿಗೂ ಅಲ್ಲದಂತೆ ಹೇಳಿ ಕೂತಳು. ಜಟಕಾದವನಿಗೆ ಹೋಗು ಎಂದು ಕೈಯಾಡಿಸಿದಳು. ಕೊಟ್ರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ಪೊರಕೆ ಹಿಡಿದು ಕೋಣೆಗೆ ನುಗ್ಗಿದಳು. ಹನ್ನೆರಡು ಕೋಳಿಗಳೂ ಒಂದರ ಹಿಂದೆ ಒಂದು ಓಡಿ ಹಿತ್ತಲು ಸೇರಿದವು. ಕಾಲಿಲ್ಲದ್ದು ಒಂದೂ ಇರಲಿಲ್ಲ.

ರಿಜಿಸ್ಟರಿನ ವಿಷಯ ಸುಲಭವಾಗಿ ಬಗೆಹರಿಯಲಿಲ್ಲ. ಸರ್ಕಾರಿ ಪುಸ್ತಕದಲ್ಲಿ ಒಮ್ಮೆ ಬರೆದ ಬಸುರನ್ನು ಸುಮ್ಮನೆ ಹೊಡೆದುಹಾಕುವಂತಿಲ್ಲವಂತೆ, ಕಾರಣ ಬರೆಯಬೇಕಂತೆ. ಮೂರು ಸೀಸೆಗೆ ದಂಡವಾಗಿ ನರ್ಸಮ್ಮ ಪಾಲಯ್ಯನಿಗೆ ಒಂದು ಕೆಲಸ ಹಚ್ಚಿದರು: ಪ್ರತಿ ಮಂಗಳವಾರ ಕೇಂದ್ರಕ್ಕೆ ಹೋಗಿ ಕೂಸುಗಳನ್ನು ತೂಕ ಮಾಡಿಕೊಡುವುದು. ನಲವತ್ತು ಹೆಂಗಸರ ನಡುವೆ ಕೂತು, ಅಳುವ ಕೂಸುಗಳನ್ನು ಒಂದು ಗುಲಗಂಜಿ ಆಚೀಚೆಯಾಗದಂತೆ ತೂಗಿದ. ಅಲ್ಲಿ ಅವನಿಗೆ ಬಹಳ ಹೆಸರು ಬಂತು. ಕಾರಣದ ಜಾಗದಲ್ಲಿ ನರ್ಸಮ್ಮ ಕೊಟ್ರವ್ವ ಎಂಬ ಹೆಸರಿನ ಪಕ್ಕಕ್ಕೆ 'ಮಗಳು ಉಡಚಮ್ಮ ಎಂದು ಓದಿಕೊಳ್ಳುವುದು' ಎಂದಷ್ಟೇ ಬರೆದರು.

ಸೀಸೆ ಈಗ ಸರಿಯಾದ ಮನೆಗೇ, ಸರಿಯಾದ ಕಾರ್ಡಿನ ಮೇಲೇ ಬರುತ್ತಿತ್ತು. ಕೋಳಿಗಳಿಗೆ ಹಿತ್ತಲಲ್ಲಿ ತೆಂಗಿನ ಗರಿಯ ಚಪ್ಪರ, ಹರಿಹರದ ಚಿಪ್ಪಿನ ಪುಡಿ. ಚಿಪ್ಪನ್ನು ಓಬಯ್ಯನೇ ನಾಚಿಕೊಂಡು ಚೀಲಗಟ್ಟಲೆ ಕಳಿಸುತ್ತಿದ್ದ.

ಮೂರು ವಾರದ ಮೇಲೆ ಒಂದು ಬೆಳಗ್ಗೆ ನಾನು ಹಲ್ಲುಜ್ಜುತ್ತ ಹೊರಗೆ ನಿಂತಿದ್ದೆ. ಕೋಣೆಯ ಕಿಟಕಿಯಿಂದ ಮೀನೆಣ್ಣೆಯ ವಾಸನೆ ಬಂತು, ಹಿಂದೆಯೇ ಪಾಲಯ್ಯನ ದನಿ: "ಏಳವ್ವ. ಕಾಲೂರಿ ನಿಂತ್ಕ. ಒಂದು ಚಮಚ ಕುಡಿ ನನ್ನವ್ವ."

ಗೋಡೆಯ ಆಚೆಯಿಂದ ಯಲ್ಲಕ್ಕ, ಈ ಸರ್ತಿ ಯಾರಿಗೆ ಪಾಲಯ್ಯ ಎಂದು ಕೂಗಿ ಕೇಳಿದಳು. ಓಣಿಯಲ್ಲಿ ನಗು ಎದ್ದಿತು. ನಲವತ್ತು ಹೆಂಗಸರ ಮುಂದೆ ನಿಜ ಹೇಳಲಾರದವನು ಇಡೀ ಓಣಿಗೆ ಕೇಳುವಂತೆ ಉತ್ತರ ಕೊಟ್ಟ: "ನನ್ನ ಮಗಳಿಗೆ."

ಉಡಚಮ್ಮ ಗೋಡೆ ಹಿಡಿಯದೆ ಎದ್ದು ಬಾಗಿಲವರೆಗೆ ಬಂದಳು. ಅಡುಗೆಮನೆಯಲ್ಲಿ ಕೊಟ್ರವ್ವ ಮಗಳಿಗೆಂದು ಮೊಟ್ಟೆಯನ್ನು ಒಲೆಯ ಅಂಚಿಗೆ ತಟ್ಟಿದಳು. ಅದು ಒಡೆಯಲಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು, ಇನ್ನೊಮ್ಮೆ ಜೋರಾಗಿ ತಟ್ಟಿದಳು. ಆಮೇಲೆ ಗಂಡನ ಕಡೆ ತಿರುಗಿ, ಆ ಬೇಸಿಗೆಯಲ್ಲೇ ಮೊದಲ ಸಲ, ನಿಮಗೂ ಒಂದು ಮಾಡ್ಲಾ ಎಂದು ಕೇಳಿದಳು.